ಪರಮಾಣುಬೀಜವನ್ನು ಅಳೆದ ಬಗೆ

ಅಳತೆಯೆಂಬುದು ಮನುಷ್ಯನಿಗೆ ಬಹು ಹಳೆಯ ವಿದ್ಯೆ. ನಮ್ಮ ಹಿರಿಯರು ಬಟ್ಟೆಯನ್ನು ಮೊಳದಿಂದ ಅಳೆದರು, ಧಾನ್ಯವನ್ನು ಸೇರು ಬಳ್ಳಗಳಿಂದ ಅಳೆದರು, ಹೊಲವನ್ನು ಹಗ್ಗ ಹಿಡಿದು ಅಳೆದರು. ಈ ಅಳತೆಗಳಲ್ಲೆಲ್ಲ ಅಳೆಯುವ ಸಾಧನವೂ ಅಳತೆಗೊಳಗಾಗುವ ವಸ್ತುವೂ ಕಣ್ಣೆದುರಿಗೇ ಇರುತ್ತವೆ; ಸಂದೇಹ ಬಂದರೆ ಮತ್ತೊಮ್ಮೆ ಅಳೆದು ನೋಡಬಹುದು. ಆದರೆ ಯಾವ ಸೂಕ್ಷ್ಮದರ್ಶಕಕ್ಕೂ ಕಾಣದ, ಕೈಗಾಗಲಿ ಇಕ್ಕಳಕ್ಕಾಗಲಿ ಸಿಕ್ಕದ ಒಂದು ವಸ್ತುವನ್ನು ಅಳೆಯಬೇಕಾಗಿ ಬಂದರೆ ಮಾಡುವುದೇನು? ಯಾವ ಗೋಲನ್ನು ಹಿಡಿಯಬೇಕು? ಹಿಡಿದ ಗೋಲು ಸರಿಯಾದುದೆಂದು ಹೇಳುವವರು ಯಾರು? ಪರಮಾಣುವಿನ ನಡುವೆ ಅಡಗಿರುವ ಬೀಜವನ್ನು, ಎಂದರೆ ವಿಜ್ಞಾನಿಗಳು ನ್ಯೂಕ್ಲಿಯಸ್ ಎಂದು ಕರೆಯುವ ವಸ್ತುವನ್ನು, ಅಳೆದ ಇತಿಹಾಸವು ಈ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳ ಇತಿಹಾಸವೇ ಆಗಿದೆ.

ನಮ್ಮ ಪಠ್ಯಪುಸ್ತಕಗಳಲ್ಲಿ ಈ ವಿಷಯಕ್ಕೆ ಸಿಕ್ಕುವ ಸ್ಥಳ ಒಂದೆರಡು ಸಾಲು ಮಾತ್ರ. ಬೀಜದ ತ್ರಿಜ್ಯವು ಅದರ ಕಣಸಂಖ್ಯೆಯ ಘನಮೂಲಕ್ಕೆ ಅನುಗುಣವಾಗಿರುತ್ತದೆ ಎಂದು ಒಂದು ಸೂತ್ರ. ಆ ಸೂತ್ರದಲ್ಲಿ ಒಂದು ಸ್ಥಿರಾಂಕ. ವಿದ್ಯಾರ್ಥಿಯು ಅದನ್ನು ಬಾಯಿಪಾಠ ಮಾಡಿ ಲೆಕ್ಕ ಬಿಡಿಸುತ್ತಾನೆ. ಆ ಸ್ಥಿರಾಂಕವು ಹಳೆಯ ಪುಸ್ತಕವೊಂದರಲ್ಲಿ ೧.೪ ಎಂದೂ ಹೊಸ ಪುಸ್ತಕವೊಂದರಲ್ಲಿ ೧.೨ ಎಂದೂ ಇರುವುದನ್ನು ಕಂಡು ಯಾವನಾದರೊಬ್ಬ ಹುಡುಗ ಎದ್ದು ನಿಂತು, "ಇವುಗಳಲ್ಲಿ ಯಾವುದು ಸರಿ, ಮೇಷ್ಟ್ರೇ?" ಎಂದು ಕೇಳಿದರೆ ಉಪಾಧ್ಯಾಯರಾದ ನಾವು ಏನು ಹೇಳಬೇಕು? ಅಚ್ಚಿನ ತಪ್ಪೆಂದು ಹೇಳಿ ಕೂರಿಸುವುದು ಸುಲಭ. ಆದರೆ ಅದು ಅಚ್ಚಿನ ತಪ್ಪಲ್ಲ. ಆ ಎರಡು ಅಂಕೆಗಳ ನಡುವೆ ಇಪ್ಪತ್ತು ವರ್ಷಗಳ ದುಡಿಮೆಯೂ ಒಂದು ದೊಡ್ಡ ಪಾಠವೂ ಅಡಗಿವೆ. ಅದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಕಥೆಯು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಮೊದಲಾಗುತ್ತದೆ. ಅಲ್ಲಿ ರುದರ್‌ಫೋರ್ಡರ ಪ್ರಯೋಗಶಾಲೆಯಲ್ಲಿ ೧೯೦೯ರಲ್ಲಿ ಗೈಗರ್ ಎಂಬವರೂ ಇನ್ನೂ ವಿದ್ಯಾರ್ಥಿಯಾಗಿದ್ದ ಮಾರ್ಸ್‌ಡನ್ ಎಂಬವರೂ ಆಲ್ಫಾ ಕಣಗಳನ್ನು ತೆಳುವಾದ ಲೋಹದ ತಗಡುಗಳ ಮೇಲೆ ಹಾಯಿಸಿ ನೋಡಿದರು. ಬಹುಪಾಲು ಕಣಗಳು ತಗಡನ್ನು ನೇರವಾಗಿ ದಾಟಿ ಹೋದುವು. ಆದರೆ ಸುಮಾರು ೮೦೦೦ಕ್ಕೆ ಒಂದರಂತೆ ಕೆಲವು ಬಂದ ದಿಕ್ಕಿಗೇ ತಿರುಗಿ ಹಾರಿದುವು. ಪರಮಾಣುವೆಂಬುದು ವಿದ್ಯುದಂಶವನ್ನು ಮೈತುಂಬ ಹರಡಿಕೊಂಡ ಮೆತ್ತನೆಯ ಉಂಡೆಯಾಗಿದ್ದರೆ ಇದು ಸಾಧ್ಯವಿಲ್ಲ. ಆದುದರಿಂದ ರುದರ್‌ಫೋರ್ಡರು ೧೯೧೧ರಲ್ಲಿ, ಪರಮಾಣುವಿನ ಧನ ವಿದ್ಯುದಂಶವೂ ಅದರ ತೂಕದ ಹೆಚ್ಚು ಪಾಲೂ ಅತ್ಯಂತ ಕಿರಿದಾದ ಒಂದು ಬೀಜದಲ್ಲಿ ಅಡಕವಾಗಿವೆ ಎಂಬ ನಿರ್ಣಯಕ್ಕೆ ಬಂದರು.

ಈ ಬೀಜ ಎಷ್ಟು ಕಿರಿದು? ರುದರ್‌ಫೋರ್ಡರ ವಾದ ಸರಳವಾದುದು. ಆಲ್ಫಾ ಕಣಕ್ಕೂ ಬೀಜಕ್ಕೂ ಧನ ವಿದ್ಯುದಂಶವೇ ಇರುವುದರಿಂದ ಅವು ಒಂದನ್ನೊಂದು ದೂಡುತ್ತವೆ. ನೇರವಾಗಿ ನುಗ್ಗಿದ ಕಣವು ತನ್ನ ವೇಗವನ್ನೆಲ್ಲ ಕಳೆದುಕೊಂಡು ಒಂದು ದೂರದಲ್ಲಿ ಕ್ಷಣಕಾಲ ನಿಂತು ಹಿಂದಿರುಗಬೇಕು. ಆ ದೂರವನ್ನು ಲೆಕ್ಕ ಮಾಡಬಹುದು; ಬೀಜವು ಅದಕ್ಕಿಂತ ದೊಡ್ಡದಾಗಿರಲಾರದು. ಅವರ ಬಳಿ ಇದ್ದ ಅತಿ ವೇಗದ ಆಲ್ಫಾ ಕಣಗಳಿಗೂ ಚಿನ್ನದ ಬೀಜಕ್ಕೂ ಈ ದೂರವು ಒಂದು ಸೆಂಟಿಮೀಟರಿನ ಹತ್ತು ಲಕ್ಷ ಕೋಟಿ ಪಾಲುಗಳಲ್ಲಿ ಸುಮಾರು ಮೂವತ್ತು ಪಾಲು ಎಂದು ಬಂದಿತು. ಇಂಥ ಒಂದು ಪಾಲಿಗೆ ಈಗ ಫರ್ಮಿ ಎಂದು ಹೆಸರು. ಮುಂದೆ ನಾವು ಈ ಮಾನವನ್ನೇ ಬಳಸುತ್ತೇವೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮೂವತ್ತು ಫರ್ಮಿ ಎಂಬುದು ಚಿನ್ನದ ಬೀಜದ ಅಳತೆಯಲ್ಲ. ಅಳತೆಯ ಮೇಲಿನ ಗಡಿ ಮಾತ್ರ. ನಿಜವಾದ ತ್ರಿಜ್ಯವು ಸುಮಾರು ಏಳು ಫರ್ಮಿಯೆಂದು ಬಹಳ ಕಾಲದ ಮೇಲೆ ತಿಳಿಯಿತು. ಚಿನ್ನದ ಪರಮಾಣುವಿನ ತ್ರಿಜ್ಯವು ಇದರ ಇಪ್ಪತ್ತು ಸಾವಿರದಷ್ಟಿದೆ. ಬೀಜವನ್ನು ಒಂದು ಮಿಲಿಮೀಟರು ತ್ರಿಜ್ಯದ ಸಾಸಿವೆ ಕಾಳೆಂದು ಭಾವಿಸಿ ಶಾಲೆಯ ಆಟದ ಬಯಲಿನ ನಡುವೆ ಇಟ್ಟರೆ, ಪರಮಾಣುವಿನ ಅಂಚು ಇಪ್ಪತ್ತು ಮೀಟರು ಆಚೆಗೆ ಬರುತ್ತದೆ. ಹುಡುಗರನ್ನು ಆ ವೃತ್ತದ ಮೇಲೆ ನಿಲ್ಲಿಸಿ ನಡುವಿನ ಕಾಳನ್ನು ಹುಡುಕಲು ಹೇಳಿದರೆ, ಮಾರ್ಸ್‌ಡನ್ನರು ಕಂಡುದು ಎಂಥ ಅಪೂರ್ವವೆಂಬುದು ಅವರಿಗೆ ಮನವರಿಕೆಯಾದೀತು.

ಹಗುರವಾದ ಬೀಜಗಳಲ್ಲಿ ವಿದ್ಯುದಂಶ ಕಡಿಮೆ. ಆದುದರಿಂದ ಆಲ್ಫಾ ಕಣವು ಅವುಗಳಿಗೆ ಹೆಚ್ಚು ಸಮೀಪ ಹೋಗಬಲ್ಲದು. ೧೯೧೯ರಲ್ಲಿ ರುದರ್‌ಫೋರ್ಡರು ಜಲಜನಕದೊಡನೆ ಪ್ರಯೋಗ ನಡೆಸಿದಾಗ ಹಳೆಯ ಲೆಕ್ಕ ತಪ್ಪಿತು. ೧೯೨೧ರಲ್ಲಿ ಚಾಡ್‌ವಿಕ್ ಮತ್ತು ಬೀಲರ್ ಎಂಬವರು ಅದನ್ನೇ ವಿಸ್ತಾರವಾಗಿ ಪರೀಕ್ಷಿಸಿ, ಕೆಲವೇ ಫರ್ಮಿಗಳಷ್ಟು ಹತ್ತಿರದಲ್ಲಿ ವಿದ್ಯುತ್ತಿನ ನಿಯಮಕ್ಕೆ ಒಳಪಡದ, ಬಹು ತೀವ್ರವಾದ ಬೇರೊಂದು ಬಲ ಕೆಲಸ ಮಾಡುತ್ತದೆಂದು ತೋರಿಸಿದರು. ಅಳತೆ ಮಾಡಲು ಹೊರಟವರಿಗೆ ಹೊಸ ಬಲವೊಂದು ದೊರೆಯಿತು. ವಿಜ್ಞಾನದಲ್ಲಿ ಹೀಗೆ ಆಗುವುದು ಅಪರೂಪವಲ್ಲ. ಲೆಕ್ಕ ತಪ್ಪಿದ ಸ್ಥಳವೇ ಬಾಗಿಲು ತೆರೆಯುವ ಸ್ಥಳ.

ಮುಂದಿನ ಹೆಜ್ಜೆ ೧೯೨೮ರಲ್ಲಿ ಬಂದಿತು. ಥೋರಿಯಮ್ಮಿನ ವಂಶದ ಎರಡು ಧಾತುಗಳನ್ನು ನೋಡೋಣ. ಥೋರಿಯಂ ಹೊರಗೆಡಹುವ ಆಲ್ಫಾ ಕಣದ ಶಕ್ತಿ ಸುಮಾರು ೪ ದಶಲಕ್ಷ ಎಲೆಕ್ಟ್ರಾನ್ ವೋಲ್ಟು; ಅದರ ಅರ್ಧಾಯು ೧೪೦೦ ಕೋಟಿ ವರ್ಷ. ಅದೇ ವಂಶದ ಕೊನೆಯಲ್ಲಿ ಹುಟ್ಟುವ ೨೧೨ನೆಯ ಪೊಲೋನಿಯಮ್ಮಿನ ಆಲ್ಫಾ ಕಣದ ಶಕ್ತಿ ಸುಮಾರು ೮.೮ ದಶಲಕ್ಷ, ಅದರ ಅರ್ಧಾಯು ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿಗಿಂತಲೂ ಕಡಿಮೆ. ಶಕ್ತಿ ಎರಡರಷ್ಟಾದರೆ ಆಯುಸ್ಸು ಇಷ್ಟು ಅಗಾಧವಾಗಿ ಕುಗ್ಗುವುದೇಕೆ? ಇಪ್ಪತ್ತನಾಲ್ಕು ವರ್ಷದ ಗ್ಯಾಮೋವ್ ಎಂಬ ರಷ್ಯಾದ ತರುಣರೂ, ಅವರಿಂದ ಬೇರೆಯಾಗಿ ಅಮೆರಿಕದಲ್ಲಿ ಗರ್ನಿ ಮತ್ತು ಕಾಂಡನ್ ಎಂಬವರೂ ಒಂದೇ ಉತ್ತರವನ್ನು ಕಂಡುಕೊಂಡರು. ಬೀಜದ ಸುತ್ತ ವಿದ್ಯುತ್ತಿನ ವಿಕರ್ಷಣೆಯು ಒಂದು ಎತ್ತರದ ಗೋಡೆಯಂತೆ ನಿಂತಿದೆ. ಅದನ್ನು ಹತ್ತಿ ದಾಟುವ ಶಕ್ತಿ ಆಲ್ಫಾ ಕಣಕ್ಕಿಲ್ಲ. ಆದರೆ ಕಣವು ಅಲೆಯೂ ಆಗಿರುವುದರಿಂದ ಗೋಡೆಯನ್ನು ತೂರಿ ಹೊರಬರುವ ಒಂದು ಅತ್ಯಲ್ಪ ಸಂಭವವಿದೆ. ಆ ಸಂಭವ ಗೋಡೆಯ ದಪ್ಪವನ್ನು ಅವಲಂಬಿಸುತ್ತದೆ. ದಪ್ಪವು ಗೋಡೆ ಎಲ್ಲಿ ಮೊದಲಾಗುತ್ತದೆ ಎಂಬುದನ್ನು, ಎಂದರೆ ಬೀಜದ ತ್ರಿಜ್ಯವನ್ನು, ಅವಲಂಬಿಸುತ್ತದೆ. ಆಯುಸ್ಸು ತಿಳಿದಿರುವುದರಿಂದ ಲೆಕ್ಕವನ್ನು ತಿರುಗಿಸಿ ತ್ರಿಜ್ಯವನ್ನು ಕಂಡುಹಿಡಿಯಬಹುದು. ಗಡಿಯಾರವೇ ಅಳತೆಗೋಲಾಯಿತು! ಭಾರವಾದ ಬೀಜಗಳಿಗೆ ಎಂಟು ಒಂಬತ್ತು ಫರ್ಮಿಗಳ ತ್ರಿಜ್ಯ ಹೀಗೆ ದೊರೆಯಿತು. ಬೀಜವು ದ್ರವದ ಒಂದು ಹನಿಯಂತಿದೆ ಎಂಬ ಭಾವನೆಯನ್ನೂ ಗ್ಯಾಮೋವರೇ ಮೊದಲು ಮುಂದಿಟ್ಟರು.

೧೯೩೨ರಲ್ಲಿ ಚಾಡ್‌ವಿಕ್ಕರು ನ್ಯೂಟ್ರಾನನ್ನು ಕಂಡುಹಿಡಿದರು. ಬೀಜವು ಪ್ರೋಟಾನು ನ್ಯೂಟ್ರಾನುಗಳೆಂಬ ಬೀಜಕಣಗಳಿಂದ ಆದುದೆಂದು ತಿಳಿದ ಮೇಲೆ ಎರಡು ಹೊಸ ಅಳತೆಗೋಲುಗಳು ಕೈಗೆ ಬಂದುವು. ಮೊದಲನೆಯದು ನ್ಯೂಟ್ರಾನೇ. ಅದಕ್ಕೆ ವಿದ್ಯುದಂಶವಿಲ್ಲದುದರಿಂದ ವಿದ್ಯುತ್ತಿನ ಗೋಡೆ ಅದನ್ನು ತಡೆಯಲಾರದು. ವೇಗವಾದ ನ್ಯೂಟ್ರಾನುಗಳ ಪ್ರವಾಹಕ್ಕೆ ಲೋಹದ ಹಲಗೆಯನ್ನು ಅಡ್ಡ ಹಿಡಿದು, ಎಷ್ಟು ನ್ಯೂಟ್ರಾನುಗಳು ತಡೆಗೊಂಡುವೆಂದು ಎಣಿಸಿದರೆ ಒಂದೊಂದು ಬೀಜದ ನೆರಳು ಎಷ್ಟು ಅಗಲವೆಂದು ತಿಳಿಯುತ್ತದೆ. ಎರಡನೆಯದು ಕನ್ನಡಿಬೀಜಗಳ ಉಪಾಯ. ೧೧ನೆಯ ಬೋರಾನಿನಲ್ಲಿ ಐದು ಪ್ರೋಟಾನು, ಆರು ನ್ಯೂಟ್ರಾನು. ೧೧ನೆಯ ಕಾರ್ಬನ್ನಿನಲ್ಲಿ ಆರು ಪ್ರೋಟಾನು, ಐದು ನ್ಯೂಟ್ರಾನು. ಒಂದು ಇನ್ನೊಂದರ ಕನ್ನಡಿಯ ಬಿಂಬದಂತೆ. ಬೀಜಬಲವು ಎರಡರಲ್ಲೂ ಒಂದೇ ಎಂದಿಟ್ಟುಕೊಂಡರೆ ಅವುಗಳ ಶಕ್ತಿಯಲ್ಲಿರುವ ವ್ಯತ್ಯಾಸಕ್ಕೆ ಮುಖ್ಯ ಕಾರಣ ಆರನೆಯ ಪ್ರೋಟಾನಿನ ವಿಕರ್ಷಣೆ. ಬೀಜ ಕಿರಿದಾದಷ್ಟೂ ಆ ವಿಕರ್ಷಣೆ ಹೆಚ್ಚು. ಆದುದರಿಂದ ಶಕ್ತಿಯ ವ್ಯತ್ಯಾಸವನ್ನು ಅಳೆದು ತ್ರಿಜ್ಯವನ್ನು ಪಡೆಯಬಹುದು.

ಎರಡು ಉಪಾಯಗಳೂ ಒಂದನ್ನೊಂದು ಹೋಲುವ ಉತ್ತರವನ್ನೇ ಕೊಟ್ಟುವು. ಕಣಸಂಖ್ಯೆಯ ಘನಮೂಲವನ್ನು ಸುಮಾರು ೧.೪ ಅಥವಾ ೧.೫ ಫರ್ಮಿಯಿಂದ ಗುಣಿಸಿದರೆ ತ್ರಿಜ್ಯ ಬರುತ್ತದೆ ಎಂದು ಎಲ್ಲರೂ ನಂಬಿದರು. ಬೇರೆ ಬೇರೆ ದಾರಿಯಿಂದ ಹೊರಟ ಇಬ್ಬರು ಪಯಣಿಗರು ಒಂದೇ ಊರಿಗೆ ಬಂದು ಸೇರಿದರೆ ದಾರಿ ಸರಿಯಾದುದೆಂದು ಯಾರು ತಾನೇ ಭಾವಿಸುವುದಿಲ್ಲ? ಸುಮಾರು ಇಪ್ಪತ್ತು ವರ್ಷ ಈ ಅಂಕೆಯೇ ಪುಸ್ತಕಗಳಲ್ಲಿ ನೆಲಸಿತು.

ಈ ನಂಬಿಕೆ ೧೯೫೩ರಲ್ಲಿ ಮುರಿದುಬಿತ್ತು. ಅದೇ ವರ್ಷದಲ್ಲಿ ಎರಡು ಬೇರೆ ಬೇರೆ ಸ್ಥಳಗಳಿಂದ ಅದಕ್ಕೆ ಪೆಟ್ಟು ಬಿದ್ದಿತು.

ಒಂದು ಪೆಟ್ಟು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಬಂದುದು. ಮ್ಯೂಆನ್ ಎಂಬುದು ಎಲ್ಲ ರೀತಿಯಲ್ಲೂ ಎಲೆಕ್ಟ್ರಾನಿನಂಥದೇ ಆದ, ಆದರೆ ಅದರ ೨೦೭ರಷ್ಟು ಭಾರವಾದ ಕಣ. ಅದು ಎಲೆಕ್ಟ್ರಾನಿನ ಸ್ಥಾನದಲ್ಲಿ ಬೀಜವನ್ನು ಸುತ್ತತೊಡಗಿದರೆ ಅದರ ಕಕ್ಷೆಯೂ ೨೦೭ರಷ್ಟು ಒಳಕ್ಕೆ ಸರಿಯುತ್ತದೆ. ಸೀಸದ ಪರಮಾಣುವಿನಲ್ಲಿ ಅತಿ ಒಳಗಿನ ಕಕ್ಷೆಯು ಲೆಕ್ಕದಂತೆ ಸುಮಾರು ಮೂರು ಫರ್ಮಿ ದೂರದಲ್ಲಿ ಬರಬೇಕು. ಆದರೆ ಸೀಸದ ಬೀಜದ ತ್ರಿಜ್ಯವೇ ಏಳು ಫರ್ಮಿ! ಎಂದರೆ ಮ್ಯೂಆನು ತನ್ನ ಕಾಲದ ಹೆಚ್ಚು ಭಾಗವನ್ನು ಬೀಜದ ಒಳಗೇ ಕಳೆಯುತ್ತದೆ. ಒಳಗಿರುವಾಗ ಅದಕ್ಕೆ ಬೀಜದ ಪೂರ್ಣ ಆಕರ್ಷಣೆ ತಗಲುವುದಿಲ್ಲ. ಆದುದರಿಂದ ಅದು ಕಕ್ಷೆಯಿಂದ ಕಕ್ಷೆಗೆ ಇಳಿಯುವಾಗ ಹೊರಡುವ ಕಿರಣದ ಶಕ್ತಿ ತಗ್ಗುತ್ತದೆ. ಬೀಜವು ಚುಕ್ಕೆಯಂತಿದ್ದಿದ್ದರೆ ಸೀಸದಿಂದ ಸುಮಾರು ೧೬ ದಶಲಕ್ಷ ವೋಲ್ಟಿನ ಕಿರಣ ಬರಬೇಕಾಗಿತ್ತು. ಫಿಚ್ ಮತ್ತು ರೇನ್‌ವಾಟರ್ ಎಂಬವರು ಅಳೆದಾಗ ಬಂದುದು ೬ ದಶಲಕ್ಷ ಮಾತ್ರ. ಇದರಿಂದ ಸ್ಥಿರಾಂಕವು ೧.೪ ಅಲ್ಲ, ೧.೨ರ ಸುಮಾರಿನದೆಂದು ತೋರಿತು.

ಇನ್ನೊಂದು ಪೆಟ್ಟು ಅಮೆರಿಕದ ಪಶ್ಚಿಮ ತೀರದ ಸ್ಟಾನ್‌ಫರ್ಡಿನಿಂದ ಬಂದುದು. ಅಲ್ಲಿ ರಾಬರ್ಟ್ ಹಾಫ್‌ಸ್ಟಾಟರರು ಎಲೆಕ್ಟ್ರಾನುಗಳನ್ನು ನೇರವಾದ ಉದ್ದನೆಯ ವೇಗವರ್ಧಕದಲ್ಲಿ ಓಡಿಸಿ ಬೀಜಗಳ ಮೇಲೆ ಹಾಯಿಸಿದರು. ಎಲೆಕ್ಟ್ರಾನಿನಲ್ಲಿರುವ ಗುಣವೇನೆಂದರೆ ಬೀಜಬಲ ಅದಕ್ಕೆ ತಗಲುವುದೇ ಇಲ್ಲ. ಅದು ವಿದ್ಯುತ್ತಿಗೆ ಮಾತ್ರ ಬಗ್ಗುತ್ತದೆ, ಮತ್ತು ವಿದ್ಯುತ್ತಿನ ನಿಯಮಗಳು ನಮಗೆ ಚೆನ್ನಾಗಿ ತಿಳಿದಿವೆ. ಆದರೆ ಅದರ ಅಲೆಯುದ್ದವು ಬೀಜಕ್ಕೆ ಹೊಂದುವಷ್ಟು ಕಿರಿದಾಗಬೇಕಾದರೆ ಅದಕ್ಕೆ ಬಹಳ ಶಕ್ತಿಯನ್ನು ಕೊಡಬೇಕು. ೧೯೫೧ರಲ್ಲಿ ಇಲಿನಾಯ್ಸಿನಲ್ಲಿ ೧೫.೭ ದಶಲಕ್ಷ ವೋಲ್ಟಿನ ಎಲೆಕ್ಟ್ರಾನುಗಳಿಂದ ಈ ಬಗೆಯ ಪ್ರಯತ್ನ ನಡೆದಿತ್ತು. ಅವುಗಳ ಅಲೆಯುದ್ದ ಸುಮಾರು ೮೦ ಫರ್ಮಿ. ದೊಡ್ಡ ಕೈಯಿಂದ ಸಣ್ಣ ಕಾಳನ್ನು ತಡವಿದಂತೆ. ಸ್ಟಾನ್‌ಫರ್ಡಿನಲ್ಲಿ ೧೮೮ ದಶಲಕ್ಷಕ್ಕೆ ಏರಿಸಿದಾಗ ಅಲೆಯುದ್ದ ಆರೂವರೆ ಫರ್ಮಿಗೆ ಇಳಿಯಿತು. ಮುಂದೆ ೫೫೦ ದಶಲಕ್ಷಕ್ಕೆ ಏರಿಸಿದಾಗ ಎರಡೂಕಾಲಕ್ಕೆ ಇಳಿಯಿತು. ಚೆದರಿದ ಎಲೆಕ್ಟ್ರಾನುಗಳನ್ನು ಶಕ್ತಿಗನುಸಾರವಾಗಿ ಬೇರ್ಪಡಿಸುವ ಭಾರಿ ಅಯಸ್ಕಾಂತವನ್ನು ಕೋನದಿಂದ ಕೋನಕ್ಕೆ ತಿರುಗಿಸಲು ನೌಕಾದಳದ ಫಿರಂಗಿಯ ಪೀಠವನ್ನು ಉಪಯೋಗಿಸಿಕೊಂಡರೆಂಬುದು ನೆನೆಯತಕ್ಕ ಸಂಗತಿ.

ಇಲ್ಲಿ ನಡೆಯುವುದನ್ನು ವಿದ್ಯಾರ್ಥಿಗಳಿಗೆ ಹೀಗೆ ವಿವರಿಸಬಹುದು. ತೆಳುಮೋಡದ ಹಿಂದೆ ಚಂದ್ರನಿರುವಾಗ ಅವನ ಅಂಚಿಗೆ ಅಂಟಿದಂತೆ ಬಣ್ಣದ ಬಳೆಗಳು ಕಾಣುವುದುಂಟು. ಮೋಡದ ಹನಿಗಳು ಕಿರಿದಾದಷ್ಟೂ ಬಳೆ ಅಗಲ. ಬಳೆಯನ್ನು ಅಳೆದು, ಕೈಗೆಟುಕದ ಹನಿಯ ಗಾತ್ರವನ್ನು ಹೇಳಬಹುದು. ಎಲೆಕ್ಟ್ರಾನಿನ ಅಲೆಗಳೂ ಬೀಜದ ಸುತ್ತ ಹಾಗೆಯೇ ಬಳಸಿ, ಕೆಲವು ಕೋನಗಳಲ್ಲಿ ಹೆಚ್ಚಾಗಿಯೂ ಕೆಲವು ಕೋನಗಳಲ್ಲಿ ಕಡಿಮೆಯಾಗಿಯೂ ಬೀಳುತ್ತವೆ. ಕಡಿಮೆಯಾದ ಸ್ಥಳಗಳು ಯಾವ ಕೋನದಲ್ಲಿವೆ ಎಂಬುದರಿಂದ ಬೀಜದ ತ್ರಿಜ್ಯ ತಿಳಿಯುತ್ತದೆ. ಕೋನ ಹೆಚ್ಚಿದಂತೆ ಒಟ್ಟು ಚೆದರಿಕೆ ಎಷ್ಟು ಬೇಗ ಕುಗ್ಗುತ್ತದೆ ಎಂಬುದರಿಂದ ಬೀಜದ ಅಂಚು ಕಲ್ಲುಗುಂಡಿನಂತೆ ಚೂಪಾಗಿದೆಯೋ ಹತ್ತಿಯ ಉಂಡೆಯಂತೆ ಮಸುಕಾಗಿದೆಯೋ ಎಂಬುದು ತಿಳಿಯುತ್ತದೆ. ಹಾಫ್‌ಸ್ಟಾಟರರೂ ಅವರ ಸಹೋದ್ಯೋಗಿಗಳೂ ೧೯೫೬ರ ವೇಳೆಗೆ ಹಲವಾರು ಧಾತುಗಳ ಬೀಜಗಳನ್ನು ಹೀಗೆ ಚಿತ್ರಿಸಿದ್ದರು. ಇದಕ್ಕಾಗಿ ೧೯೬೧ರ ನೊಬೆಲ್ ಪಾರಿತೋಷಕದ ಅರ್ಧ ಭಾಗ ಅವರಿಗೆ ಸಂದಿತು. ಫರ್ಮಿ ಎಂಬ ಮಾನದ ಹೆಸರೂ ಅವರು ಸೂಚಿಸಿದುದೇ.

ಹಾಗಾದರೆ ಹಳೆಯ ಎರಡು ಅಳತೆಗಳು ಒಂದನ್ನೊಂದು ಹೋಲಿದುದು ಹೇಗೆ? ಎರಡೂ ತಪ್ಪಿದ್ದುವು; ಆದರೆ ಬೇರೆ ಬೇರೆ ಕಾರಣಗಳಿಂದ ತಪ್ಪಿದ್ದುವು. ನ್ಯೂಟ್ರಾನು ಬೀಜವನ್ನು ಮುಟ್ಟುವುದಕ್ಕೆ ಮುಂಚೆಯೇ ಬೀಜಬಲದ ಕೈ ಅದನ್ನು ಹಿಡಿಯುತ್ತದೆ. ಆದುದರಿಂದ ಅದು ಅಳೆದುದು ಬೀಜವನ್ನಲ್ಲ, ಬೀಜವೂ ಅದರ ಬಲದ ಚಾಚೂ ಸೇರಿದ ಒಟ್ಟು ಅಳತೆಯನ್ನು. ಆಲ್ಫಾ ಕಣದ ಅಳತೆಯಲ್ಲಿ ಇದಲ್ಲದೆ ಆ ಕಣದ ಸ್ವಂತ ಗಾತ್ರವೂ ಸೇರಿಕೊಳ್ಳುತ್ತದೆ. ಕನ್ನಡಿಬೀಜಗಳ ಲೆಕ್ಕದಲ್ಲಿಯಾದರೋ, ಕೊನೆಯ ಪ್ರೋಟಾನು ಉಳಿದವುಗಳಂತೆಯೇ ಬೀಜದ ತುಂಬ ಸಮನಾಗಿ ಹರಡಿದೆ ಎಂದು ಭಾವಿಸಿದ್ದರು. ನಿಜವಾಗಿ ಅದು ಹೆಚ್ಚಾಗಿ ಹೊರ ಅಂಚಿನಲ್ಲಿ ಸಂಚರಿಸುತ್ತದೆ. ಅಂಚಿನಲ್ಲಿರುವುದಕ್ಕೆ ವಿಕರ್ಷಣೆ ಕಡಿಮೆ; ಕಡಿಮೆ ವಿಕರ್ಷಣೆಯನ್ನು ಕಂಡು ಬೀಜವೇ ದೊಡ್ಡದೆಂದು ಎಣಿಸಿದರು. ಇಬ್ಬರು ಸಾಕ್ಷಿಗಳು ಒಂದೇ ಮಾತನ್ನಾಡಿದ ಮಾತ್ರಕ್ಕೆ ಅದು ಸತ್ಯವಾಗುವುದಿಲ್ಲ. ಒಬ್ಬೊಬ್ಬರೂ ನೋಡಿದುದು ಏನನ್ನು ಎಂದು ವಿಚಾರಿಸಬೇಕು. ಬೀಜದ ಅಳತೆಯ ಇತಿಹಾಸ ಕಲಿಸುವ ಮುಖ್ಯ ಪಾಠ ಇದೇ.

೧.೪ ಹೋಗಿ ೧.೨ ಬಂದುದು ಅಲ್ಪ ಬದಲಾವಣೆಯಲ್ಲವೇ ಎಂದು ಯಾರಾದರೂ ಕೇಳಬಹುದು. ತ್ರಿಜ್ಯದಲ್ಲಿ ಅಲ್ಪವಾದುದು ಘನಗಾತ್ರದಲ್ಲಿ ಅಲ್ಪವಲ್ಲ. ೧.೪ರ ಘನವನ್ನು ೧.೨ರ ಘನದಿಂದ ಭಾಗಿಸಿದರೆ ಸುಮಾರು ೧.೬ ಬರುತ್ತದೆ. ಎಂದರೆ ಬೀಜದ ದ್ರವ್ಯವು ಹಿಂದೆ ಎಣಿಸಿದುದಕ್ಕಿಂತ ನೂರಕ್ಕೆ ಅರವತ್ತರಷ್ಟು ಹೆಚ್ಚು ಸಾಂದ್ರವಾದುದೆಂದು ಒಮ್ಮೆಗೇ ತಿಳಿಯಿತು. ಬೀಜಕಣಗಳ ನಡುವಣ ಬಲವನ್ನು ವಿವರಿಸಹೊರಟ ಸಿದ್ಧಾಂತಿಗಳೆಲ್ಲರೂ ತಮ್ಮ ಲೆಕ್ಕವನ್ನು ಈ ಹೊಸ ಸಾಂದ್ರತೆಗೆ ಹೊಂದಿಸಬೇಕಾಯಿತು.

ಈಗ ಆ ದ್ರವ್ಯದ ವಿಚಾರಕ್ಕೆ ಬರೋಣ. ಅಳತೆಗಳಿಂದ ತಿಳಿದ ಮೊದಲನೆಯ ಸಂಗತಿಯೆಂದರೆ, ಬಹು ಹಗುರವಾದ ಕೆಲವನ್ನು ಬಿಟ್ಟರೆ ಎಲ್ಲ ಬೀಜಗಳ ತಿರುಳಿನ ಸಾಂದ್ರತೆಯೂ ಹೆಚ್ಚುಕಡಿಮೆ ಒಂದೇ. ಕ್ಯಾಲ್ಸಿಯಮ್ಮಿನಲ್ಲಿ ಎಷ್ಟೋ ಸೀಸದಲ್ಲಿಯೂ ಅಷ್ಟೇ: ಒಂದು ಘನ ಫರ್ಮಿಗೆ ಸುಮಾರು ೦.೧೬ ಬೀಜಕಣ. ಒಂದು ಸೇರು ರಾಗಿಗೆ ಇನ್ನೊಂದು ಸೇರು ರಾಗಿಯನ್ನು ಸುರಿದರೆ ರಾಶಿ ಎರಡರಷ್ಟಾಗುತ್ತದೆಯೇ ಹೊರತು ಕಾಳುಗಳು ನುಗ್ಗಾಗುವುದಿಲ್ಲ. ಬೀಜವೂ ಹಾಗೆಯೇ. ೧೬ ಕಣಗಳ ಆಮ್ಲಜನಕದ ಬೀಜದಿಂದ ೧೨೮ ಕಣಗಳ ಬೀಜಕ್ಕೆ ಹೋದರೆ ಕಣಗಳು ಎಂಟರಷ್ಟು, ತ್ರಿಜ್ಯ ಎರಡರಷ್ಟು. ಘನಮೂಲದ ಸೂತ್ರದ ಅರ್ಥ ಇಷ್ಟೇ. ಈ ಸಾಂದ್ರತೆಯನ್ನು ನಮ್ಮ ತೂಕದಲ್ಲಿ ಹೇಳಿದರೆ, ಒಂದು ಘನ ಸೆಂಟಿಮೀಟರು ಬೀಜದ್ರವ್ಯವು ಸುಮಾರು ೨೭ ಕೋಟಿ ಟನ್ನು ತೂಗುತ್ತದೆ.

ಇದರಲ್ಲಿ ಆಶ್ಚರ್ಯವೇನೆಂದು ಕೇಳಬಹುದು. ಆಶ್ಚರ್ಯವುಂಟು. ಪ್ರತಿಯೊಂದು ಕಣವೂ ಉಳಿದ ಎಲ್ಲ ಕಣಗಳನ್ನೂ ಸೆಳೆಯುತ್ತಿದ್ದರೆ, ಕಣಗಳು ಹೆಚ್ಚಿದಂತೆ ಸೆಳೆತ ವರ್ಗದ ಪ್ರಮಾಣದಲ್ಲಿ ಹೆಚ್ಚಿ, ಬೀಜವು ತನ್ನೊಳಗೆ ತಾನೇ ಕುಸಿಯಬೇಕಾಗಿತ್ತು. ಸೀಸವು ಕ್ಯಾಲ್ಸಿಯಮ್ಮಿಗಿಂತ ಬಹಳ ಸಾಂದ್ರವಾಗಬೇಕಾಗಿತ್ತು. ಹಾಗಾಗಲಿಲ್ಲ. ಆದುದರಿಂದ ಬೀಜಬಲವು ನೆರೆಯ ಕಣಗಳನ್ನು ಮಾತ್ರ ಮುಟ್ಟುವ ಗಿಡ್ಡ ಚಾಚಿನ ಬಲವಾಗಿರಬೇಕು. ಅಷ್ಟೇ ಸಾಲದು, ತೀರ ಸಮೀಪಕ್ಕೆ ಬಂದಾಗ ಅದು ಸೆಳೆಯುವುದನ್ನು ಬಿಟ್ಟು ದೂಡಲೂ ಬೇಕು. ಒಂದು ಬಗೆಯ ಎರಡು ಕಣಗಳು ಒಂದೇ ಸ್ಥಿತಿಯಲ್ಲಿ ಇರಲಾಗದೆಂಬ ಪೌಲಿಯವರ ನಿಯಮವೂ ಕುಸಿತಕ್ಕೆ ಅಡ್ಡ ನಿಲ್ಲುತ್ತದೆ. ಹತ್ತಿರ ಬಂದರೆ ದೂಡುವ ಬಲವಿರಬೇಕೆಂದು ೧೯೫೧ರಲ್ಲಿ ಯಾಸ್ಟ್ರೋವ್ ಎಂಬವರು ಕಣಗಳ ಡಿಕ್ಕಿಗಳಿಂದ ಊಹಿಸಿದ್ದರು; ಬೀಜದ ಅಳತೆಗಳು ಅದಕ್ಕೆ ಒಪ್ಪುವಂತಿದ್ದುವು. ಇಷ್ಟಾದರೂ ಎರಡೆರಡು ಕಣಗಳ ನಡುವಣ ಬಲಗಳನ್ನು ಮಾತ್ರ ಕೂಡಿಸಿ ಈ ಸಾಂದ್ರತೆಯನ್ನು ಲೆಕ್ಕ ಹಾಕಲು ಹೋದಾಗ ಉತ್ತರ ಸರಿ ಬರಲಿಲ್ಲ. ಮೂರು ಕಣಗಳು ಒಟ್ಟಿಗೆ ಸೇರಿದಾಗ ಮಾತ್ರ ತೋರುವ ಬಲವೂ ಉಂಟೆಂಬುದನ್ನು ಮುಂದಿನವರು ಒಪ್ಪಬೇಕಾಯಿತು.

ಎರಡನೆಯ ಸಂಗತಿ ಅಂಚಿನದು. ಬೀಜದ ಸಾಂದ್ರತೆ ನೂರಕ್ಕೆ ತೊಂಬತ್ತರಿಂದ ಹತ್ತಕ್ಕೆ ಇಳಿಯಲು ಸುಮಾರು ೨.೪ ಫರ್ಮಿ ಬೇಕು. ಇದೂ ಬಹುಪಾಲು ಬೀಜಗಳಲ್ಲಿ ಒಂದೇ. ಸೀಸದಂಥ ಬೀಜಕ್ಕೆ ಇದು ಹಣ್ಣಿನ ದಪ್ಪ ಸಿಪ್ಪೆಯಂತೆ. ಕಾರ್ಬನ್ನಿನಂಥ ಹಗುರವಾದ ಬೀಜದಲ್ಲಿಯಾದರೋ ಸಿಪ್ಪೆಯನ್ನು ಬಿಟ್ಟರೆ ತಿರುಳೆಂಬುದು ಉಳಿಯುವುದೇ ಕಷ್ಟ.

ಮೂರನೆಯದು, ಪ್ರೋಟಾನೂ ಚುಕ್ಕೆಯಲ್ಲವೆಂಬುದು. ೧೯೫೫ರ ಸುಮಾರಿಗೆ ಹಾಫ್‌ಸ್ಟಾಟರರೂ ಮ್ಯಾಕ್‌ಅಲಿಸ್ಟರರೂ ಅದರ ತ್ರಿಜ್ಯ ಮುಕ್ಕಾಲು ಫರ್ಮಿಯಷ್ಟೆಂದು ಕಂಡರು. ೨೦೧೦ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಮ್ಯೂಆನಿನ ಉಪಾಯದಿಂದಲೇ ಅಳೆದಾಗ ೦.೮೪ ಎಂದು ಬಂದು, ಆ ವರೆಗೆ ಒಪ್ಪಿದ್ದ ೦.೮೮ಕ್ಕೆ ಹೊಂದದೆ ದೊಡ್ಡ ಚರ್ಚೆಯೆದ್ದಿತು. ೨೦೧೯ರ ಹೊಸ ಅಳತೆಗಳು ಚಿಕ್ಕ ಅಂಕೆಯ ಕಡೆಗೇ ವಾಲಿದುವು. ಈ ಅಂಕೆಯಿಂದ ಲೆಕ್ಕ ಹಾಕಿದರೆ ಬೀಜದೊಳಗಿನ ಸ್ಥಳದಲ್ಲಿ ನೂರಕ್ಕೆ ನಲವತ್ತರಷ್ಟನ್ನು ಕಣಗಳೇ ತುಂಬಿವೆ. ಇಂಥ ದಟ್ಟಣೆಯಲ್ಲಿಯೂ ಒಂದೊಂದು ಕಣವೂ ತನ್ನ ಕಕ್ಷೆಯಲ್ಲಿ ಸ್ವತಂತ್ರವಾಗಿ ಸಂಚರಿಸುತ್ತದೆ ಎಂಬುದು ಬೀಜದ್ರವ್ಯದ ದೊಡ್ಡ ವಿಚಿತ್ರ. ಇದಕ್ಕೂ ಅಳತೆಯೇ ಸಾಕ್ಷಿ ನುಡಿಯಿತು. ೨೦೬ನೆಯ ಸೀಸಕ್ಕೂ ೨೦೫ನೆಯ ಥ್ಯಾಲಿಯಮ್ಮಿಗೂ ಇರುವ ಭೇದ ಒಂದೇ ಒಂದು ಪ್ರೋಟಾನು. ೧೯೮೨ರಲ್ಲಿ ಫ್ರಾನ್ಸಿನ ಸಾಕ್ಲೇ ಪ್ರಯೋಗಶಾಲೆಯವರು ಎರಡರ ವಿದ್ಯುದಂಶದ ಹರವನ್ನೂ ಅಳೆದು ಒಂದರಿಂದ ಒಂದನ್ನು ಕಳೆದರು. ಉಳಿದುದು ಆ ಒಂದು ಪ್ರೋಟಾನಿನ ಚಿತ್ರ. ಸಿದ್ಧಾಂತ ಹೇಳಿದಂತೆಯೇ ಏರಿಳಿತಗಳುಳ್ಳ ಅಲೆಯ ರೂಪ.

ಘನಮೂಲದ ಸೂತ್ರವು ಎಲ್ಲೆಡೆಯೂ ನಡೆಯುವುದೆಂದು ಭಾವಿಸಬಾರದು. ೪೦ನೆಯ ಕ್ಯಾಲ್ಸಿಯಮ್ಮಿಗೆ ಎಂಟು ನ್ಯೂಟ್ರಾನುಗಳನ್ನು ಸೇರಿಸಿ ೪೮ನೆಯ ಕ್ಯಾಲ್ಸಿಯಮ್ಮನ್ನು ಮಾಡಿದರೂ ವಿದ್ಯುದಂಶದ ತ್ರಿಜ್ಯ ಹೆಚ್ಚುವುದೇ ಇಲ್ಲ, ಎರಡಕ್ಕೂ ೩.೪೮ ಫರ್ಮಿ. ಇದಕ್ಕೆ ವಿರುದ್ಧವಾದುದು ಲಿಥಿಯಮ್ಮಿನ ಉದಾಹರಣೆ. ೧೯೮೫ರಲ್ಲಿ ತಾನಿಹಾಟ ಎಂಬ ಜಪಾನಿನ ವಿಜ್ಞಾನಿಯೂ ಅವರ ಸಂಗಡಿಗರೂ ಅಮೆರಿಕದ ಬರ್ಕ್‌ಲೀಯಲ್ಲಿ ಅಲ್ಪಾಯುವಾದ ೧೧ನೆಯ ಲಿಥಿಯಮ್ಮಿನ ಬೀಜವನ್ನು ಅಳೆದರು. ೯ನೆಯ ಲಿಥಿಯಮ್ಮಿನ ತ್ರಿಜ್ಯ ಸುಮಾರು ೨.೩ ಫರ್ಮಿ, ಸೂತ್ರದಂತೆ ೧೧ನೆಯದು ಎರಡೂವರೆಗೆ ಸಮೀಪವಿರಬೇಕು. ಬಂದುದು ಮೂರಕ್ಕೂ ಮೀರಿ. ಕೊನೆಯ ಎರಡು ನ್ಯೂಟ್ರಾನುಗಳು ಬಹು ಸಡಿಲವಾಗಿ ಅಂಟಿಕೊಂಡು ತಿರುಳಿನಿಂದ ದೂರದಲ್ಲಿ ಪ್ರಭಾವಳಿಯಂತೆ ಹರಡಿವೆಯೆಂದು ೧೯೮೭ರಲ್ಲಿ ವಿವರಣೆ ಬಂದಿತು.

ಈ ನ್ಯೂಟ್ರಾನುಗಳೇ ಇತ್ತೀಚಿನ ಅಳತೆಗಾರರ ಮುಖ್ಯ ಚಿಂತೆ. ಎಲೆಕ್ಟ್ರಾನು ಕಾಣುವುದು ವಿದ್ಯುದಂಶವನ್ನು; ನ್ಯೂಟ್ರಾನು ಅದಕ್ಕೆ ಹೆಚ್ಚುಕಡಿಮೆ ಅಗೋಚರ. ೨೦೮ನೆಯ ಸೀಸದಲ್ಲಿ ೮೨ ಪ್ರೋಟಾನು, ೧೨೬ ನ್ಯೂಟ್ರಾನು. ಹೆಚ್ಚಿನ ೪೪ ನ್ಯೂಟ್ರಾನುಗಳು ಎಲ್ಲಿವೆ? ತಿರುಳಿನಲ್ಲಿ ಬೆರೆತಿವೆಯೋ, ಹೊರಗೆ ತೊಗಲಿನಂತೆ ಕವಿದಿವೆಯೋ? ಬೀಜಬಲಕ್ಕೆ ಬಗ್ಗುವ ಕಣಗಳಿಂದ ಅಳೆದರೆ ಹಳೆಯ ದೋಷವೇ ಮರಳಿ ಬರುತ್ತದೆ. ಅದಕ್ಕಾಗಿ ಅವರು ಪ್ರಕೃತಿಯ ಇನ್ನೊಂದು ಬಲವನ್ನು, ದುರ್ಬಲ ಬಲವನ್ನು, ಆಶ್ರಯಿಸಿದರು. ಆ ಬಲಕ್ಕೆ ನ್ಯೂಟ್ರಾನೇ ಮುಖ್ಯ. ಪ್ರೋಟಾನಿನ ಪಾಲು ಹತ್ತರಲ್ಲಿ ಒಂದಕ್ಕಿಂತಲೂ ಕಡಿಮೆ. ಮತ್ತು ಅದು ಎಡ ಬಲಗಳಲ್ಲಿ ಭೇದವೆಣಿಸುತ್ತದೆ. ಎಡಕ್ಕೆ ತಿರುಗುವ ಎಲೆಕ್ಟ್ರಾನುಗಳೂ ಬಲಕ್ಕೆ ತಿರುಗುವ ಎಲೆಕ್ಟ್ರಾನುಗಳೂ ಸೀಸದಿಂದ ಚೆದರುವುದರಲ್ಲಿ ಕೋಟಿಗೆ ಐದೂವರೆಯಷ್ಟು ವ್ಯತ್ಯಾಸವಿದೆ. ಅಮೆರಿಕದ ಜೆಫರ್ಸನ್ ಪ್ರಯೋಗಶಾಲೆಯಲ್ಲಿ ಇದನ್ನು ಅಳೆದು ೨೦೨೧ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ ನ್ಯೂಟ್ರಾನುಗಳ ತ್ರಿಜ್ಯವು ಪ್ರೋಟಾನುಗಳದಕ್ಕಿಂತ ೦.೨೮ ಫರ್ಮಿ ಹೆಚ್ಚು. ಅಳತೆಯ ಸಂದೇಹ ೦.೦೭.

ಫರ್ಮಿಯ ಕಾಲುಭಾಗದ ಈ ತೊಗಲಿನಿಂದ ಏನು ಪ್ರಯೋಜನ? ನ್ಯೂಟ್ರಾನು ತುಂಬಿದ ದ್ರವ್ಯವು ಒಳಗಿನಿಂದ ಎಷ್ಟು ಒತ್ತುತ್ತದೆಯೋ ಅಷ್ಟು ತೊಗಲು ದಪ್ಪವಾಗುತ್ತದೆ. ಅದೇ ಒತ್ತಡವು ಆಕಾಶದಲ್ಲಿ ನ್ಯೂಟ್ರಾನು ನಕ್ಷತ್ರಗಳು ತಮ್ಮ ಭಾರದಿಂದ ಕುಸಿಯದಂತೆ ಹಿಡಿದು ನಿಲ್ಲಿಸಿರುವ ಕಾರಣಗಳಲ್ಲಿ ಒಂದು. ಸೂರ್ಯನಿಗಿಂತ ಹೆಚ್ಚು ದ್ರವ್ಯವನ್ನು ಹನ್ನೆರಡು ಕಿಲೋಮೀಟರಿನಷ್ಟು ತ್ರಿಜ್ಯದಲ್ಲಿ ಅಡಗಿಸಿಕೊಂಡ ಗೋಳಗಳವು. ಸೀಸದ ತೊಗಲು ದಪ್ಪವಾದಷ್ಟೂ ನಕ್ಷತ್ರ ಉಬ್ಬಬೇಕು. ೨೦೧೭ರ ಆಗಸ್ಟ್ ೧೭ರಂದು ಅಂಥ ಎರಡು ನಕ್ಷತ್ರಗಳು ಕೂಡಿಕೊಂಡಾಗ ಹೊರಟ ಗುರುತ್ವದ ಅಲೆಗಳು ಭೂಮಿಯನ್ನು ಮುಟ್ಟಿದುವು. ಅವು ಹೆಚ್ಚು ಉಬ್ಬಿದ ನಕ್ಷತ್ರಗಳಲ್ಲವೆಂದು ಅದರಿಂದ ತಿಳಿಯಿತು. ಅದೇ ಜೆಫರ್ಸನ್ ಪ್ರಯೋಗಶಾಲೆ ೨೦೨೨ರಲ್ಲಿ ೪೮ನೆಯ ಕ್ಯಾಲ್ಸಿಯಮ್ಮಿನ ತೊಗಲನ್ನು ಅಳೆದು ೦.೧೨ ಫರ್ಮಿಯೆಂದು ಹೇಳಿತು. ಸೀಸದ ತೊಗಲು ದಪ್ಪ, ಕ್ಯಾಲ್ಸಿಯಮ್ಮಿನದು ತೆಳು. ಎರಡನ್ನೂ ಒಂದೇ ಸಿದ್ಧಾಂತದಿಂದ ಹೊಂದಿಸುವುದು ಸಿದ್ಧಾಂತಿಗಳಿಗೆ ಕಷ್ಟವಾಯಿತು. ಅಳತೆಯಲ್ಲಿ ಕೊರತೆಯಿದೆಯೋ ಸಿದ್ಧಾಂತದಲ್ಲಿ ಕೊರತೆಯಿದೆಯೋ, ಇನ್ನೂ ಸೂಕ್ಷ್ಮವಾದ ಅಳತೆಗಳೇ ಹೇಳಬೇಕು.

ಈ ಚರಿತ್ರೆಯನ್ನು ಹಿಂದಿರುಗಿ ನೋಡಿದರೆ ಒಂದು ಕ್ರಮ ಕಾಣುತ್ತದೆ. ಪ್ರತಿಯೊಂದು ಅಳತೆಗೋಲೂ ಬೀಜದ ಒಂದು ಮುಖವನ್ನು ಮಾತ್ರ ಮುಟ್ಟಿತು. ಆಲ್ಫಾ ಕಣವೂ ನ್ಯೂಟ್ರಾನೂ ಬಲದ ಚಾಚನ್ನು ಮುಟ್ಟಿದುವು. ಎಲೆಕ್ಟ್ರಾನೂ ಮ್ಯೂಆನೂ ವಿದ್ಯುದಂಶವನ್ನು ಮುಟ್ಟಿದುವು. ದುರ್ಬಲ ಬಲವು ನ್ಯೂಟ್ರಾನನ್ನು ಮುಟ್ಟಿತು. ಉತ್ತರಗಳು ಒಂದಕ್ಕೊಂದು ಹೊಂದದಿದ್ದಾಗಲೆಲ್ಲ ಯಾರೂ ನಿರಾಶರಾಗಲಿಲ್ಲ. ಹೊಂದದಿರುವುದಕ್ಕೆ ಕಾರಣವನ್ನು ಹುಡುಕಿದಾಗ ಬೀಜದ್ರವ್ಯದ ಹೊಸದೊಂದು ಗುಣ ಹೊರಬಿದ್ದಿತು.

ಆದುದರಿಂದ, ೧.೪ ಸರಿಯೋ ೧.೨ ಸರಿಯೋ ಎಂದು ಕೇಳುವ ಹುಡುಗನನ್ನು ಕೂರಿಸಬೇಡೋಣ. ಅವನು ಕೇಳಿದ ಪ್ರಶ್ನೆಯನ್ನೇ ೧೯೫೩ರಲ್ಲಿ ದೊಡ್ಡ ದೊಡ್ಡ ವಿಜ್ಞಾನಿಗಳೂ ಕೇಳಿದರು. "ಯಾವ ಗೋಲಿನಿಂದ ಅಳೆದರು, ಆ ಗೋಲು ಮುಟ್ಟಿದುದು ಏನನ್ನು ಎಂದು ಮೊದಲು ವಿಚಾರಿಸು, ಮಗು" ಎಂದು ಅವನಿಗೆ ಹೇಳೋಣ. ಸೂತ್ರವನ್ನು ಅವನು ನಾಳೆ ಮರೆತರೂ ಮರೆಯಲಿ. ಈ ವಿಚಾರವನ್ನು ಮರೆಯದಿದ್ದರೆ ನಮ್ಮ ಪಾಠ ಸಾರ್ಥಕ.